ನಮ್ಮ ಮನೆಗೆ ಬಂದ ಸುಮೋ

“ಮೇಷ್ಟ್ರು ಮನೆಗೆ ಸುಮೋ ತಂದಿದ್ದಾರಂತೆ” ಎಂಬ ಸುದ್ದಿ ಮೊದಲು ಹಬ್ಬಿದ್ದು ಹಾಲಿನ ಡೈರಿಯ ಮುಂದಿನ ಸಾಲಿನಲ್ಲಿ. ಬಿ.ಇ. ಸಿವಿಲ್ ಕೊನೆಯ ವರ್ಷ ಓದುತ್ತಿರುವ ನನ್ನ ಮಗಳು ರಜೆಗೆ ಬಂದವಳು, ಗೆಳತಿಯೊಂದಿಗೆ ಫೋನಿನಲ್ಲಿ “ಅಪ್ಪನ ಕಂಪ್ಯೂಟರಿಗೂ ಸುಮೋ ಹಾಕಿದೀನಿ ಕಣೇ” ಎಂದದ್ದನ್ನು ಪಕ್ಕದ ಮನೆಯವರು ಅರ್ಧ ಕೇಳಿಸಿಕೊಂಡು, ಉಳಿದರ್ಧವನ್ನು ತಾವೇ ಸೇರಿಸಿಕೊಂಡಿದ್ದರು. ಮರುದಿನ ಬೆಳಿಗ್ಗೆ ಒಬ್ಬರು ತಡೆಯಲಾರದೆ ಕೇಳಿಯೇಬಿಟ್ಟರು: “ಎಷ್ಟಕ್ಕೆ ಬಿತ್ತು ಸಾರ್? ಸೆಕೆಂಡ್ ಹ್ಯಾಂಡೋ?” ನಾನು “ಪುಕ್ಕಟೆ ಬಂತು” ಎಂದೆ. ಆಗ ಅವರ ಮುಖ ನೋಡಬೇಕಿತ್ತು.

ತಪ್ಪು ಅವರದಲ್ಲ. ನಮ್ಮ ಕಡೆ ಸುಮೋ ಎಂದರೆ 1994ರಲ್ಲಿ ಬಂದ, ಮದುವೆ ದಿಬ್ಬಣಕ್ಕೆ ಎಷ್ಟು ಜನರನ್ನು ತುಂಬಿದರೂ ಬೇಡವೆನ್ನದ ಟಾಟಾ ಸುಮೋ. ನಮ್ಮ ಮನೆಗೆ ಬಂದದ್ದು ಬೇರೆ ಸುಮೋ. ಜರ್ಮನಿಯ ವಾಯುಯಾನ ಮತ್ತು ಅಂತರಿಕ್ಷ ಸಂಶೋಧನಾ ಕೇಂದ್ರದವರು ಸಿದ್ಧಪಡಿಸಿ, 2001ರಿಂದ ಎಲ್ಲರಿಗೂ ಬಿಟ್ಟಿಯಾಗಿ ಕೊಡುತ್ತ ಬಂದಿರುವ ಒಂದು ಸಾಫ್ಟ್‌ವೇರ್. ‘ಸಿಮ್ಯುಲೇಶನ್ ಆಫ್ ಅರ್ಬನ್ ಮೊಬಿಲಿಟಿ’ ಎಂಬ ಉದ್ದನೆಯ ಹೆಸರಿನ ಹ್ರಸ್ವರೂಪ ಸುಮೋ. ಒಂದು ಊರಿನ ರಸ್ತೆಗಳನ್ನೆಲ್ಲ ಕಂಪ್ಯೂಟರಿನೊಳಗೆ ಕಟ್ಟಿ, ಅದರ ಮೇಲೆ ವಾಹನಗಳನ್ನು ಓಡಿಸಿ, ಎಲ್ಲಿ ಜಾಮ್ ಆಗುತ್ತದೆ, ಯಾರು ಎಷ್ಟು ಹೊತ್ತು ಕಾಯುತ್ತಾರೆ ಎಂದು ಲೆಕ್ಕ ಹಾಕುವುದು ಇದರ ಕೆಲಸ.

ಬಿ.ಎಸ್ಸಿ., ಬಿ.ಇಡಿ. ಮಾಡಿ ಮೂವತ್ತು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಓಮ್‌ನ ನಿಯಮ, ಬೆಳಕಿನ ವಕ್ರೀಭವನ ಹೇಳಿಕೊಂಡು ಬಂದ ನನಗೆ ಈ ಉಸಾಬರಿ ಯಾಕೆ ಬಂತೆಂದು ಹೇಳಬೇಕು. ನಮ್ಮ ಶಾಲೆ ಇರುವುದು ತಾಲ್ಲೂಕು ಕೇಂದ್ರವೊಂದರ ಮುಖ್ಯರಸ್ತೆಯ ಮೇಲೆ. ರಸ್ತೆ ಅಗಲವಾದ ಮೇಲೆ ವಾಹನಗಳ ವೇಗವೂ ಹೆಚ್ಚಿತು. ಎರಡು ವರ್ಷದ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಗೇಟಿನೆದುರೇ ಬೈಕು ಬಡಿದು, ಕಾಲಿನ ಮೂಳೆ ಮುರಿದು ಮೂರು ತಿಂಗಳು ಮಲಗಿದಳು. ಆಮೇಲೆ ಗೇಟಿನ ಹತ್ತಿರ ಒಂದು ಹಂಪ್ ಬಂತು. ಹಂಪ್ ಬಂದು ಒಂದು ವರ್ಷವಾಗುವಷ್ಟರಲ್ಲಿ ದೂರು ಶುರುವಾಯಿತು: ಅದರಿಂದಲೇ ಸರ್ಕಲ್‌ವರೆಗೆ ಜಾಮ್ ಆಗುತ್ತಿದೆ, ತೆಗೆಸಿ ಎಂದು. ಸಂಬಂಧಪಟ್ಟ ಕಚೇರಿಯವರು “ಶಾಲೆಯವರ ಅಭಿಪ್ರಾಯವಿದ್ದರೆ ಲಿಖಿತವಾಗಿ ಕೊಡಿ” ಎಂದು ಕಾಗದ ಕಳಿಸಿದರು. ಮುಖ್ಯೋಪಾಧ್ಯಾಯರು ಆ ಕಾಗದವನ್ನು ತಂದು ನನ್ನ ಮೇಜಿನ ಮೇಲಿಟ್ಟು, “ವಿಜ್ಞಾನದವರು ನೀವೇ ಏನಾದರೂ ಬರೀರಿ” ಎಂದರು.

ಏನು ಬರೆಯುವುದು? “ಮಕ್ಕಳ ಪ್ರಾಣಕ್ಕಿಂತ ಜಾಮ್ ದೊಡ್ಡದೇ?” ಎಂದು ಬರೆಯಬಹುದಿತ್ತು. ಅಂಥ ಕಾಗದಗಳು ಕಚೇರಿಗಳಲ್ಲಿ ಎಷ್ಟು ಬೇಕಾದರೂ ಇರುತ್ತವೆ. ಮಗಳು, “ಅಪ್ಪ, ಲೆಕ್ಕ ಹಾಕಿಯೇ ಕೊಡೋಣ. ನಿಮ್ಮ ಹುಡುಗರ ಕೈಲಿ ವಾಹನ ಎಣಿಸಿ, ಉಳಿದದ್ದು ನಾನು ನೋಡ್ಕೋತೀನಿ” ಎಂದಳು. ಹುಡುಗರಿಗೆ ಎಣಿಸುವ ಕೆಲಸ ಎಂದರೆ ಹಬ್ಬ. ಒಂಬತ್ತನೆಯ ತರಗತಿಯ ಎಂಟು ಜನ ಕಾಂಪೌಂಡಿನ ಒಳಗೆ ಕಟ್ಟೆಯ ಮೇಲೆ ಕೂತು, ಬೆಳಿಗ್ಗೆ ಎಂಟೂವರೆಯಿಂದ ಹತ್ತರವರೆಗೆ, ಸಂಜೆ ನಾಲ್ಕರಿಂದ ಐದೂವರೆಯವರೆಗೆ, ಬಸ್ಸು, ಲಾರಿ, ಕಾರು, ಆಟೊ, ದ್ವಿಚಕ್ರ ಎಂದು ಐದು ಅಂಕಣ ಹಾಕಿ ಗೆರೆ ಎಳೆದರು. ಆರನೆಯ ಅಂಕಣಕ್ಕೆ ಒಬ್ಬ ತಾನಾಗಿಯೇ ‘ಹಸು’ ಎಂದು ತಲೆಬರಹ ಕೊಟ್ಟಿದ್ದ. ಸುಮೋದಲ್ಲಿ ರೈಲಿಗೆ ಒಂದು ವರ್ಗವಿದೆ, ಹಡಗಿಗೂ ಒಂದು ವರ್ಗವಿದೆ, ಹಸುವಿಗಿಲ್ಲ. ಅವನ ಅಂಕಣವನ್ನು ಕೈಬಿಡಬೇಕಾಯಿತು.

ಕಂಪ್ಯೂಟರಿನೊಳಗೆ ಊರು ಕಟ್ಟುವುದೆಂದರೆ ಏನು? ಅದರ ಬೇರು 1736ರಷ್ಟು ಹಿಂದಿನದು. ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ಒಂದನ್ನೂ ಎರಡು ಬಾರಿ ದಾಟದೆ ಸುತ್ತಿಬರಬಹುದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಆಯ್ಲರ್ ಎಂಬ ಗಣಿತಜ್ಞ ಊರಿನ ಮನೆ, ಮರ, ಚರ್ಚುಗಳನ್ನೆಲ್ಲ ಅಳಿಸಿಹಾಕಿ ಯಾವ ಭೂಭಾಗವನ್ನು ಯಾವ ಸೇತುವೆ ಸೇರಿಸುತ್ತದೆ ಎಂಬುದನ್ನಷ್ಟೇ ಉಳಿಸಿಕೊಂಡ. ಭೂಭಾಗಗಳನ್ನು ಚುಕ್ಕಿಗಳನ್ನಾಗಿ, ಸೇತುವೆಗಳನ್ನು ಗೆರೆಗಳನ್ನಾಗಿ ಬರೆಯುವ ರೂಢಿ ಆಮೇಲೆ ಬಂತು. ಸುಮೋಗೂ ನಮ್ಮೂರೆಂದರೆ ಅಷ್ಟೇ: ಚುಕ್ಕಿಗಳು ಸರ್ಕಲ್‌ಗಳು, ಗೆರೆಗಳು ರಸ್ತೆಗಳು. ಗೆರೆಗಳ ಮೇಲೆ ವಾಹನಗಳು ಪ್ರತಿ ಸೆಕೆಂಡಿಗೊಮ್ಮೆ ಮುಂದಿನ ವಾಹನ ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ನೋಡಿ ತಮ್ಮ ವೇಗವನ್ನು ತೀರ್ಮಾನಿಸುತ್ತವೆ. ಮುಂದಿನವನು ಥಟ್ಟನೆ ನಿಂತರೂ ಹಿಂದೆ ನಿಲ್ಲಲು ಸಾಧ್ಯವಾಗುವಷ್ಟೇ ವೇಗ, ಅದರ ಮೇಲೆ ಚಾಲಕನ ಸ್ವಲ್ಪ ಅಜಾಗರೂಕತೆ. ಇಷ್ಟೇ ಸೂತ್ರ. ನೂರಾರು ವಾಹನಗಳಿಗೆ ಇದನ್ನು ಅನ್ವಯಿಸಿದರೆ ಜಾಮ್ ತಾನಾಗಿಯೇ ಹುಟ್ಟುತ್ತದೆ. ಅದನ್ನು ಮೊದಲ ಸಲ ಪರದೆಯ ಮೇಲೆ ನೋಡಿದಾಗ ನನಗಾದ ಸಂತೋಷ, ಕಾಲೇಜಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಈರುಳ್ಳಿ ಸಿಪ್ಪೆಯ ಕೋಶ ನೋಡಿದಾಗ ಆದದ್ದೇ.

ಆದರೆ ಆ ಸಂತೋಷದ ಮೊದಲು ಬಂದದ್ದು ತಾಪತ್ರಯಗಳು.

ಮೊದಲನೆಯ ದಿನ, ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ಸಾರ್ವಜನಿಕ ನಕ್ಷೆಯಿಂದ ನಮ್ಮೂರನ್ನು ಇಳಿಸಿಕೊಂಡು ವಾಹನ ಬಿಟ್ಟೆವು. ಎಲ್ಲ ವಾಹನಗಳೂ ಬಲಗಡೆ ಓಡತೊಡಗಿದವು! ನನ್ನ ಹೆಂಡತಿ ಕಾಫಿ ತಂದಿಟ್ಟು ಪರದೆಯತ್ತ ಒಮ್ಮೆ ನೋಡಿ, “ಇದ್ಯಾವ ಊರು?” ಎಂದಳು. ಜರ್ಮನಿಯವರ ಸಾಫ್ಟ್‌ವೇರ್, ಅಲ್ಲಿ ಬಲಗಡೆಯೇ ರೂಢಿ. ನಕ್ಷೆಯನ್ನು ಜಾಲವಾಗಿ ಪರಿವರ್ತಿಸುವ ಹೊತ್ತಿನಲ್ಲೇ ‘ಎಡಗಡೆ’ ಎಂದು ಹೇಳಬೇಕು. ಅದನ್ನು ಮರೆತು ಆಮೇಲೆ ಒದ್ದಾಡುವವರು ಬಹಳ ಜನ ಎಂದು ಮಗಳು ಸಮಾಧಾನ ಹೇಳಿದಳು.

ಎರಡನೆಯ ದಿನ, ಬಸ್ ನಿಲ್ದಾಣದಿಂದ ಸಂತೆ ಮೈದಾನಕ್ಕೆ ಹೋಗಬೇಕಾದ ಒಂದು ವಾಹನವೂ ಹೊರಡಲಿಲ್ಲ. ‘ದಾರಿಯಿಲ್ಲ’ ಎಂದು ಕಂಪ್ಯೂಟರು ಹಟ ಹಿಡಿಯಿತು. ಪರದೆಯ ಮೇಲೆ ನೋಡಿದರೆ ಎರಡು ರಸ್ತೆಗಳೂ ಕಣ್ಣಿಗೆ ಕಾಣುವಂತೆ ಸೇರಿಕೊಂಡಿವೆ. ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ ನೋಡಿದಾಗ ಗುಟ್ಟು ತಿಳಿಯಿತು. ನಕ್ಷೆ ಬರೆದ ಪುಣ್ಯಾತ್ಮರು ಒಂದು ಗೆರೆಯ ತುದಿಯನ್ನು ಇನ್ನೊಂದಕ್ಕೆ ತಾಗಿಸಿದ್ದರೇ ಹೊರತು ಎರಡಕ್ಕೂ ಸಾಮಾನ್ಯವಾದ ಚುಕ್ಕಿ ಇಟ್ಟಿರಲಿಲ್ಲ. ಆಯ್ಲರನ ಜಗತ್ತಿನಲ್ಲಿ ಚುಕ್ಕಿಯಿಲ್ಲದಿದ್ದರೆ ಸಂಬಂಧವೂ ಇಲ್ಲ. ವಿದ್ಯುತ್ ಮಂಡಲ ಕಟ್ಟುವಾಗ ತಂತಿ ಸ್ಕ್ರೂವಿನ ಪಕ್ಕದಲ್ಲಿ ಸುಮ್ಮನೆ ಮಲಗಿದ್ದರೆ ಬಲ್ಬು ಹೊತ್ತುತ್ತದೆಯೆ? ವಿದ್ಯಾರ್ಥಿಗಳಿಗೆ ಈ ಹೋಲಿಕೆ ಹೇಳಿದ ಕೂಡಲೇ ಅವರೇ ಇನ್ನೂ ಮೂರು ಕಡೆ ಇಂಥ ಸಡಿಲ ತಂತಿಗಳನ್ನು ಹುಡುಕಿಕೊಟ್ಟರು.

ಮೂರನೆಯದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ. ಗಂಟೆಗೆ 40 ಕಿಲೋಮೀಟರ್ ವೇಗಮಿತಿ ಎಂದುಕೊಂಡು 40 ಎಂದು ಬರೆದಿದ್ದೆ. ವಾಹನಗಳು ಶಾಲೆಯ ಮುಂದೆ ರಾಕೆಟ್ಟಿನಂತೆ ಹಾರಿಹೋದವು. ಸುಮೋದ ಮಾನ ಸೆಕೆಂಡಿಗೆ ಇಷ್ಟು ಮೀಟರ್ ಎಂಬುದು. 40 ಎಂದರೆ ಗಂಟೆಗೆ 144 ಕಿಲೋಮೀಟರ್! ಬರೆಯಬೇಕಾದದ್ದು 11.11. ಉತ್ತರಪತ್ರಿಕೆಯಲ್ಲಿ ಮಾನ ಬರೆಯದವರಿಗೆ ಅರ್ಧ ಅಂಕ ಕಳೆಯುವ ನಾನು ಆ ದಿನ ಹುಡುಗರ ಮುಖ ನೋಡಲಿಲ್ಲ.

ವಾಹನಗಳೆಲ್ಲ ಒಂದೇ ರಸ್ತೆಗೆ ನುಗ್ಗುತ್ತವೆ, ಪಕ್ಕದ ರಸ್ತೆ ಖಾಲಿ ಬಿದ್ದಿರುತ್ತದೆ ಎಂಬುದು ಮತ್ತೊಂದು ತಕರಾರು. ಇದರ ಹಿಂದೆ ಒಂದು ಒಳ್ಳೆಯ ಕಥೆಯಿದೆ. 1956ರಲ್ಲಿ ಹಾಲೆಂಡಿನ ಡೈಕ್‌ಸ್ಟ್ರಾ ಎಂಬಾತ ಆಮ್‌ಸ್ಟರ್‌ಡ್ಯಾಮಿನಲ್ಲಿ ತಾನು ಮದುವೆಯಾಗಲಿದ್ದ ಹುಡುಗಿಯೊಡನೆ ಅಂಗಡಿ ಸುತ್ತಿ ದಣಿದು ಕಾಫಿ ಕುಡಿಯಲು ಕೂತಾಗ, ಕಾಗದ ಪೆನ್ಸಿಲು ಏನೂ ಇಲ್ಲದೆ ಇಪ್ಪತ್ತು ನಿಮಿಷದಲ್ಲಿ, ಚುಕ್ಕಿಗೆರೆಗಳ ಜಾಲದಲ್ಲಿ ಅತಿ ಹತ್ತಿರದ ದಾರಿ ಹುಡುಕುವ ವಿಧಾನ ಹೊಳೆಯಿತಂತೆ. ಅದನ್ನು ಅವನು 1959ರಲ್ಲಿ ಪ್ರಕಟಿಸಿದ. ದಾರಿ ಹುಡುಕುವ ಸಾಫ್ಟ್‌ವೇರುಗಳಲ್ಲಿ ಬಹುಪಾಲು ಅವನ ಮೊಮ್ಮಕ್ಕಳೇ. ಸುಮೋ ಕೂಡ ಮೊದಲಿಗೆ ರಸ್ತೆ ಖಾಲಿಯಿದೆ ಎಂದೇ ತಿಳಿದು ಎಲ್ಲರಿಗೂ ಅದೇ ಬೇಗದ ದಾರಿಯನ್ನು ತೋರಿಸುತ್ತದೆ. ಎಲ್ಲರೂ ಅಲ್ಲಿಗೇ ಹೋದ ಮೇಲೆ ಅದು ಬೇಗದ ದಾರಿಯಾಗಿ ಉಳಿಯುತ್ತದೆಯೆ? ಆದ್ದರಿಂದ ಒಮ್ಮೆ ಓಡಿಸಿ, ಎಷ್ಟು ಹೊತ್ತಾಯಿತೆಂದು ನೋಡಿ, ಕೆಲವರಿಗೆ ದಾರಿ ಬದಲಿಸಿ, ಮತ್ತೆ ಓಡಿಸಿ, ಹೀಗೆ ಹಲವು ಬಾರಿ ಮಾಡಬೇಕು. ನಾವೂ ಹೊಸ ಊರಿಗೆ ವರ್ಗವಾಗಿ ಹೋದಾಗ ಒಂದೆರಡು ವಾರ ಮಾಡುವುದು ಇದನ್ನೇ.

ಇಲ್ಲೇ ಒಂದು ಮಾತು. ನಮ್ಮ ಸಭೆಯೊಂದರಲ್ಲಿ ಹಿರಿಯರೊಬ್ಬರು, “ಶಾಲೆ ಹಿಂದಿನ ಓಣಿ ಬಿಡಿಸಿ ಹೊಸ ರಸ್ತೆ ಮಾಡಿದರೆ ಎಲ್ಲ ಸರಿಹೋಗುತ್ತೆ” ಎಂದರು. ಹೊಸ ರಸ್ತೆಯಿಂದ ಎಲ್ಲರಿಗೂ ನಷ್ಟವಾಗಬಹುದು ಎಂದರೆ ಯಾರು ನಂಬುತ್ತಾರೆ? 1968ರಲ್ಲಿ ಬ್ರೇಸ್ ಎಂಬ ಜರ್ಮನ್ ಗಣಿತಜ್ಞ ಇದನ್ನು ತೋರಿಸಿದ. ನಾನು ಬೋರ್ಡಿನ ಮೇಲೆ ಹಾಕಿ ತೋರಿಸುವ ಲೆಕ್ಕ ಹೀಗಿದೆ. 4000 ವಾಹನಗಳು ಒಂದು ಊರಿನಿಂದ ಇನ್ನೊಂದಕ್ಕೆ ಹೋಗಬೇಕು. ಎರಡು ದಾರಿ. ಪ್ರತಿ ದಾರಿಯಲ್ಲೂ ಒಂದು ಅಗಲದ ತುಂಡು, ಎಷ್ಟೇ ವಾಹನವಿರಲಿ 45 ನಿಮಿಷ. ಒಂದು ಕಿರಿದಾದ ತುಂಡು, ಅಲ್ಲಿ ವಾಹನಗಳ ಸಂಖ್ಯೆಯನ್ನು ನೂರರಿಂದ ಭಾಗಿಸಿದಷ್ಟು ನಿಮಿಷ. ಒಂದು ದಾರಿಯಲ್ಲಿ ಕಿರಿದು ಮೊದಲು, ಇನ್ನೊಂದರಲ್ಲಿ ಕೊನೆಗೆ. ಅರ್ಧರ್ಧ ಹಂಚಿಕೊಂಡರೆ ಎಲ್ಲರಿಗೂ 20 ಕೂಡಿಸು 45, ಒಟ್ಟು 65 ನಿಮಿಷ. ಈಗ ಮೊದಲ ದಾರಿಯ ಕಿರಿದಾದ ತುಂಡಿನ ತುದಿಯಿಂದ ಎರಡನೆಯ ದಾರಿಯ ಕಿರಿದಾದ ತುಂಡಿನ ಆರಂಭಕ್ಕೆ, ಕ್ಷಣಾರ್ಧದಲ್ಲಿ ದಾಟಬಹುದಾದ ಹೊಸ ರಸ್ತೆ ಮಾಡಿದಿರಿ ಎನ್ನಿ. ಕಿರಿದಾದ ತುಂಡು ಎಷ್ಟು ತುಂಬಿದರೂ 40 ನಿಮಿಷ ತಾನೆ, 45ಕ್ಕಿಂತ ವಾಸಿ ಎಂದು ಪ್ರತಿಯೊಬ್ಬನೂ ಎರಡೂ ಕಿರಿದಾದ ತುಂಡುಗಳನ್ನೇ ಹಿಡಿಯುತ್ತಾನೆ. ಎಲ್ಲರಿಗೂ 40 ಕೂಡಿಸು 40, ಒಟ್ಟು 80 ನಿಮಿಷ. ಅದನ್ನು ಬಿಟ್ಟು ಒಬ್ಬನೇ ಹಳೆಯ ದಾರಿಗೆ ಹೋದರೆ ಅವನಿಗೆ 85. ಹೀಗಾಗಿ ಯಾರೂ ಬಿಡುವುದಿಲ್ಲ. ಹಿರಿಯರು ಬೋರ್ಡನ್ನೂ ನನ್ನನ್ನೂ ಸ್ವಲ್ಪ ಹೊತ್ತು ನೋಡಿ, “ಅದು ಜರ್ಮನಿ ಲೆಕ್ಕ” ಎಂದರು. ಓಣಿಯ ವಿಚಾರ ಮಾತ್ರ ಮತ್ತೆ ಎತ್ತಲಿಲ್ಲ.

ಈಗ ನಿಜವಾದ ಸಂಗತಿಗೆ ಬರುತ್ತೇನೆ.

ಹಂಪ್ ಎಂಬ ವಸ್ತು ಸುಮೋದಲ್ಲಿ ನೇರವಾಗಿ ಇಲ್ಲ. ರಸ್ತೆಯ ಆ ಜಾಗವನ್ನು ಸಣ್ಣ ತುಂಡಾಗಿ ಕತ್ತರಿಸಿ ಅದಕ್ಕೆ ಕಡಿಮೆ ವೇಗಮಿತಿ ಕೊಡಬೇಕು. ಹಾಗೆ ಮಾಡಿ, ಹಂಪ್ ಇರುವ ಊರು, ಹಂಪ್ ಇಲ್ಲದ ಊರು ಎರಡನ್ನೂ ಬೆಳಗಿನ ಹೊತ್ತಿನ ಎಣಿಕೆಯೊಂದಿಗೆ ಓಡಿಸಿದೆವು. ಫಲಿತಾಂಶ ನೋಡಿ ನಾನು ಕುರ್ಚಿಯಿಂದ ಎದ್ದೆ. ಹಂಪ್ ಇದ್ದಾಗ ವಾಹನಗಳ ಸರಾಸರಿ ಪ್ರಯಾಣದ ಸಮಯ ಕಡಿಮೆ! ಹಂಪ್ ತೆಗೆದರೆ ಹೆಚ್ಚು! ಇದಕ್ಕಿಂತ ಇನ್ನೇನು ಬೇಕು? ‘ಜರ್ಮನ್ ತಂತ್ರಜ್ಞಾನದಿಂದ ಪರೀಕ್ಷಿಸಲಾಗಿ’ ಎಂದು ಕಾಗದದ ಮೊದಲ ವಾಕ್ಯವೂ ತಲೆಯಲ್ಲಿ ಸಿದ್ಧವಾಯಿತು.

ಮಗಳು ಮಾತ್ರ ಸುಮ್ಮನೆ ಪರದೆಯ ಕೆಳಗಿನ ಸಣ್ಣ ಅಕ್ಷರಗಳನ್ನು ಓದುತ್ತಿದ್ದಳು. “ಅಪ್ಪ, ಏನೋ ಎಚ್ಚರಿಕೆ ಬರ್ತಾ ಇದೆ. ತುಂಬಾ ಬಂದಿದೆ.”

“ಎಚ್ಚರಿಕೆ ತಾನೆ, ತಪ್ಪು ಅಂತ ಅಲ್ಲವಲ್ಲ. ಪ್ರಿಂಟ್ ತೆಗಿ” ಎಂದೆ.

“ಹಂಪ್ ಇದ್ದರೆ ಬೇಗ ಹೋಗೋದು ಹೇಗೆ ಸಾಧ್ಯ ಅಪ್ಪ? ನಿಮ್ಮ ಹುಡುಗ ಯಾರಾದರೂ ಇಂಥ ರೀಡಿಂಗ್ ತಂದಿದ್ರೆ ಏನು ಮಾಡ್ತಿದ್ರಿ?”

ಏನು ಮಾಡುತ್ತಿದ್ದೆ ಎಂದು ನನಗೆ ಗೊತ್ತಿತ್ತು. ಲೋಲಕದ ಪ್ರಯೋಗದಲ್ಲಿ ಪುಸ್ತಕದಲ್ಲಿರುವ ಉತ್ತರಕ್ಕೆ ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದ ರೀಡಿಂಗ್ ತಂದ ಹುಡುಗನನ್ನು ನಾನು ಮೊದಲು ಅನುಮಾನಿಸುತ್ತೇನೆ. ಆದರೂ ಆ ಕ್ಷಣ ಮಗಳ ಮೇಲೆ ಸಿಟ್ಟೇ ಬಂತು. “ನೀನು ಯಾರ ಕಡೆ?” ಎಂದುಬಿಟ್ಟೆ. ಅವಳು ಉತ್ತರ ಕೊಡದೆ ಎದ್ದು ಹೋದಳು. ಆ ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಮಾತಿರಲಿಲ್ಲ.

ಮರುದಿನ ಬೆಳಿಗ್ಗೆ ನಾನೇ ಕಂಪ್ಯೂಟರು ಹಚ್ಚಿ ಆ ಸಣ್ಣ ಅಕ್ಷರಗಳನ್ನು ಓದಿದೆ. ಇಂಥ ವಾಹನ ಬಹಳ ಹೊತ್ತು ಕಾದಿದ್ದರಿಂದ ‘ಟೆಲಿಪೋರ್ಟ್’ ಮಾಡಲಾಗಿದೆ ಎಂದಿತ್ತು, ಸಾಲುಸಾಲಾಗಿ. ವಿಷಯ ಇದು: ಸಾಲಿನ ಮುಂಚೂಣಿಯಲ್ಲಿರುವ ವಾಹನ 300 ಸೆಕೆಂಡು ಅಲುಗಾಡದೆ ನಿಂತರೆ ಸುಮೋ ಅದನ್ನು ಎತ್ತಿ, ಅದರ ದಾರಿಯಲ್ಲಿ ಮುಂದೆ ಎಲ್ಲಿ ಜಾಗವಿದೆಯೋ ಅಲ್ಲಿ ಇಳಿಸುತ್ತದೆ. ನಮ್ಮ ಪುರಾಣಗಳಲ್ಲಿ ಋಷಿಗಳು ಅಂತರ್ಧಾನರಾಗುತ್ತಾರಲ್ಲ, ಹಾಗೆ. ಎಲ್ಲೋ ಒಂದು ತಪ್ಪಿನಿಂದ ಇಡೀ ಊರು ಕಟ್ಟಿಹೋಗದಿರಲಿ ಎಂದು ಮಾಡಿರುವ ಅನುಕೂಲ ಅದು, ಬೇಡವೆಂದರೆ ನಿಲ್ಲಿಸಲೂಬಹುದು. ನಾವು ನಿಲ್ಲಿಸಿರಲಿಲ್ಲ. ಹಂಪ್ ಇರುವ ಊರಿನಲ್ಲಿ ಜಾಮ್ ಹೆಚ್ಚಾಗಿತ್ತು, ಜಾಮ್ ಹೆಚ್ಚಾದಷ್ಟೂ ಹೆಚ್ಚು ವಾಹನಗಳು ಮಾಯವಾಗಿ ಮುಂದೆ ಹಾರಿದ್ದವು.

ಮಗಳನ್ನು ಎಬ್ಬಿಸಿದೆ. ಕ್ಷಮೆ ಕೇಳುವುದು ನಮ್ಮ ತಲೆಮಾರಿನ ಅಪ್ಪಂದಿರಿಗೆ ಬರುವುದಿಲ್ಲ. “ಕಾಫಿ ಮಾಡಿದ್ದೇನೆ, ಬಾ, ನೋಡಿಲ್ಲಿ” ಎಂದೆ. ಅವಳಿಗೆ ಅರ್ಥವಾಯಿತು. ಇಬ್ಬರೂ ಕೂತು ಹುಡುಕಿದಾಗ ಇನ್ನೆರಡು ಮೋಸಗಳು ಸಿಕ್ಕವು. ನಮ್ಮ ನಕ್ಷೆಯಲ್ಲಿ ಶಾಲೆಯ ಆಚೆ ರಸ್ತೆ 150 ಮೀಟರಿಗೆ ಮುಗಿದುಹೋಗಿತ್ತು. ಕಾರಿಗೆ 5 ಮೀಟರ್ ಉದ್ದ, ಮುಂದೆ ಎರಡೂವರೆ ಮೀಟರ್ ಅಂತರ ಎಂದು ಸುಮೋ ಹಿಡಿಯುತ್ತದೆ. ಅಂದರೆ ಒಂದು ಸಾಲಿನಲ್ಲಿ 20 ಕಾರಿಗೆ ರಸ್ತೆ ಭರ್ತಿ. ಇಪ್ಪತ್ತೊಂದನೆಯದು ನಕ್ಷೆಯ ಹೊರಗೆ ಕಾಯುತ್ತದೆ, ಆ ಕಾಯುವಿಕೆ ಪ್ರಯಾಣದ ಸಮಯದಲ್ಲಿ ಸೇರುವುದೇ ಇಲ್ಲ, ಬೇರೆ ಅಂಕಣದಲ್ಲಿರುತ್ತದೆ. ಎರಡನೆಯದು, ತಲುಪಿದ ವಾಹನಗಳ ಸಮಯ ಮಾತ್ರ ಪಟ್ಟಿಗೆ ಬರುತ್ತದೆ. ಓಟ ಮುಗಿಯುವಾಗ ಇನ್ನೂ ಜಾಮಿನಲ್ಲೇ ಸಿಕ್ಕಿಕೊಂಡಿದ್ದವರ ಸುದ್ದಿ, ನಾವು ಪ್ರತ್ಯೇಕವಾಗಿ ಕೇಳದಿದ್ದರೆ, ಇರುವುದಿಲ್ಲ. ಪಾಸಾದವರ ಅಂಕಗಳನ್ನು ಮಾತ್ರ ಕೂಡಿಸಿ ಶಾಲೆಯ ಸರಾಸರಿ ಹೇಳಿದ ಹಾಗೆ! ಹೀಗೆ ಜಾಮ್ ಕೆಟ್ಟಷ್ಟೂ ಲೆಕ್ಕ ಚೆನ್ನಾಗುತ್ತ ಹೋಗಿತ್ತು.

ಆದರೆ ಅಷ್ಟು ಜಾಮ್ ಆದದ್ದಾದರೂ ಯಾಕೆ? ಅದಕ್ಕೂ ಕಾರಣ ನಮ್ಮ ನಕ್ಷೆಯೇ. ನಮ್ಮ ಸರ್ಕಲ್‌ನಲ್ಲಿ ಡಿವೈಡರ್ ಇರುವ ರಸ್ತೆಗಳು ಸೇರುವುದರಿಂದ ನಕ್ಷೆಯಲ್ಲಿ ಅದು ಒಂದಲ್ಲ, ಅಂಟಿಕೊಂಡ ನಾಲ್ಕು ಸರ್ಕಲ್‌ಗಳಾಗಿತ್ತು. ವಾಹನಗಳು ಒಂದನ್ನು ದಾಟಿ ಎರಡನೆಯದರ ಮುಂದೆ ನಿಂತು, ಮೂರನೆಯವರಿಗೆ ಅಡ್ಡವಾಗಿ, ಅವರು ಮೊದಲಿನವರಿಗೆ ಅಡ್ಡವಾಗಿ, ಸಂತೆಯ ದಿನದ ಜಟಾಪಟಿಯಾಗಿತ್ತು. ನಾಲ್ಕನ್ನೂ ಸೇರಿಸಿ ಒಂದು ಮಾಡಿದೆವು. ನಕ್ಷೆಯನ್ನು ಒಂದೂವರೆ ಕಿಲೋಮೀಟರಿಗೆ ಹಿಗ್ಗಿಸಿದೆವು. ಅಂತರ್ಧಾನವನ್ನು ನಿಲ್ಲಿಸಿದೆವು. ಸುಮೋ ದ್ವಿಚಕ್ರಗಳನ್ನೂ ಒಂದರ ಹಿಂದೊಂದು ಶಿಸ್ತಾಗಿ ನಿಲ್ಲಿಸುತ್ತದೆ. ನಮ್ಮಲ್ಲಿ ಅವು ಸಂದಿಯಲ್ಲಿ ನುಗ್ಗುತ್ತವೆ. ಒಂದೇ ಲೇನಿನಲ್ಲಿ ಅಕ್ಕಪಕ್ಕ ನಿಲ್ಲಲು ಅನುಮತಿ ಕೊಡುವ ಸೌಲಭ್ಯವನ್ನೂ ಹುಡುಕಿ ಹಾಕಿದೆವು.

ಮತ್ತೆ ಓಡಿಸಿದೆವು. ಎಷ್ಟು ಸಲ ಓಡಿಸಿದರೂ ಅದೇ ಅಂಕಿ, ಒಂದು ಸೆಕೆಂಡೂ ವ್ಯತ್ಯಾಸವಿಲ್ಲ. “ಎಷ್ಟು ನಿಖರ!” ಎಂದು ಹುಡುಗನೊಬ್ಬ ಮೆಚ್ಚಿದ. ನಿಖರವಲ್ಲ ಮಗು, ಬಾಯಿಪಾಠ. ಕಂಪ್ಯೂಟರು ದಾಳ ಹಾಕುವುದು ಒಂದು ಆರಂಭದ ಸಂಖ್ಯೆಯಿಂದ. ಆ ಸಂಖ್ಯೆ ಬದಲಾಗದಿದ್ದರೆ ಪ್ರತಿಸಲವೂ ದಾಳ ಅದೇ ಸಾಲಿನಲ್ಲಿ ಬೀಳುತ್ತದೆ. ಸಂಖ್ಯೆ ಬದಲಿಸಿ ಬದಲಿಸಿ ಹತ್ತು ಸಲ ಓಡಿಸಿ ಸರಾಸರಿ ತೆಗೆದೆವು. ಕೊನೆಗೆ ಬಂದ ಉತ್ತರ: ಹಂಪಿನಿಂದ ಪ್ರತಿ ವಾಹನಕ್ಕೆ ಸರಾಸರಿ 11 ಸೆಕೆಂಡು ತಡ, ಹತ್ತು ಓಟಗಳಲ್ಲಿ 8ರಿಂದ 14ರವರೆಗೆ. ಹಂಪ್ ತೆಗೆದರೂ ಸರ್ಕಲ್‌ನ ಜಾಮ್ ಹೆಚ್ಚುಕಡಿಮೆ ಹಾಗೆಯೇ ಇತ್ತು. ಬಸ್ಸುಗಳು ತಿರುವಿನಲ್ಲೇ ನಿಂತು ಜನ ಹತ್ತಿಸಿಕೊಳ್ಳುವುದನ್ನು ಮಾದರಿಯಿಂದ ತೆಗೆದಾಗ ಮಾತ್ರ ಅದು ಕರಗಿತು.

ಹಂಪಿನಿಂದ ತಡವಾಗುತ್ತದೆ ಎಂಬುದು ನನಗೆ ಬೇಡವಾದ ಉತ್ತರ. ಆದರೆ ಬಂದದ್ದು ಅದೇ.

ಕಂಪ್ಯೂಟರ್ ಲ್ಯಾಬಿನಲ್ಲಿ ಮಕ್ಕಳಿಗೆಲ್ಲ ಇದನ್ನು ತೋರಿಸುತ್ತಿದ್ದಾಗ ಎಂಟನೆಯ ತರಗತಿಯ ಒಬ್ಬ ಹುಡುಗ, ಯಾವತ್ತೂ ಬಾಯಿ ಬಿಡದವನು, ಹಿಂದಿನಿಂದ ಕೇಳಿದ: “ಸಾರ್, ಇದ್ರಲ್ಲಿ ನಾವೆಲ್ಲಿದೀವಿ?”

ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು. ಮೂರು ವಾರ ಕೆಲಸ ಮಾಡಿದ್ದೆವು. ಬಸ್ಸಿತ್ತು, ಲಾರಿಯಿತ್ತು, ಆಟೊ ಇತ್ತು. ಮಕ್ಕಳೇ ಇರಲಿಲ್ಲ. ಎಣಿಸಿದ್ದು ಮಕ್ಕಳೇ, ತಮ್ಮನ್ನು ತಾವು ಎಣಿಸಿಕೊಳ್ಳಿ ಎಂದು ನಾನು ಹೇಳಿರಲಿಲ್ಲ. ಸುಮೋ ಕೂಡ, ನಾವು ಕೇಳದ ಹೊರತು ಪಾದಚಾರಿಗಳನ್ನಾಗಲಿ ಕಾಲುದಾರಿಯನ್ನಾಗಲಿ ರಸ್ತೆ ದಾಟುವ ಪಟ್ಟಿಯನ್ನಾಗಲಿ ಸೇರಿಸುವುದಿಲ್ಲ.

ಮರುದಿನ ಮಕ್ಕಳನ್ನೇ ಎಣಿಸಿ ಸೇರಿಸಿದೆವು. ಆಗ ಪರದೆಯ ಮೇಲೆ ಕಂಡದ್ದು ರಾಮರಾಜ್ಯ. ಪಟ್ಟಿಯ ಮೇಲೆ ಒಂದು ಮಗು ಕಾಲಿಟ್ಟರೆ ಸಾಕು, ಲಾರಿಯೂ ನಿಂತು ದಾರಿ ಬಿಡುತ್ತಿತ್ತು. ಯಾರಿಗೂ ಏನೂ ಆಗುತ್ತಿರಲಿಲ್ಲ. ಮುಂದಿನದಕ್ಕೆ ಡಿಕ್ಕಿಯಾಗದಂತೆಯೇ ವಾಹನದ ವೇಗವನ್ನು ಲೆಕ್ಕ ಹಾಕುವ ಜಗತ್ತು ಅದು. ಅಲ್ಲಿ ಕಾಲು ಮುರಿಯುವುದಿಲ್ಲ. ಹಂಪ್ ಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲಿ ಎಷ್ಟು ತಡ ಎಂಬ ಭಾಗಕ್ಕೆ ಮಾತ್ರ ಅದು ಉತ್ತರ ಕೊಡಬಲ್ಲದು.

ಇನ್ನೊಂದು ಭಾಗಕ್ಕೆ ಬೇಕಾದದ್ದು ಒಂಬತ್ತನೆಯ ತರಗತಿಯ ಭೌತಶಾಸ್ತ್ರ ಅಷ್ಟೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ಚಾಲಕ ಮಗುವನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡು ತೆಗೆದುಕೊಂಡರೆ ಅಷ್ಟರಲ್ಲಿ ವಾಹನ 14 ಮೀಟರ್ ಮುಂದೆ ಬಂದಿರುತ್ತದೆ. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದು, ಸೆಕೆಂಡಿಗೆ ಸೆಕೆಂಡಿಗೆ 7 ಮೀಟರಿನಂತೆ ವೇಗ ಇಳಿದರೂ ಇನ್ನೊಂದು 14 ಮೀಟರ್ ಬೇಕು. ಒಟ್ಟು 28. ವೇಗ 25 ಕಿಲೋಮೀಟರ್ ಆಗಿದ್ದರೆ ಏಳು, ಮತ್ತೆ ಮೂರೂವರೆ. ಒಟ್ಟು ಹತ್ತೂವರೆ ಮೀಟರಿನಲ್ಲಿ ನಿಲ್ಲುತ್ತದೆ. ಅಕಸ್ಮಾತ್ ಬಡಿದರೂ ವೇಗ ಅರ್ಧವಾದರೆ ಚಲನಶಕ್ತಿ ನಾಲ್ಕನೆಯ ಒಂದು ಭಾಗ. ಕಾಲು ಮುರಿದುಕೊಂಡಿದ್ದ ಹುಡುಗಿ ಈ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿದಳು. ಈಗ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ, ಟಿ.ಸಿ. ತೆಗೆದುಕೊಳ್ಳಲು ಬಂದವಳನ್ನು ನಾನೇ ಕರೆದಿದ್ದೆ.

ತಂದೆತಾಯಂದಿರಿಗೆ ಒಂದು ಮಾತು ಹೇಳುವ ಚಪಲ. ಪ್ರಾಜೆಕ್ಟ್ ಎಂದ ಕೂಡಲೇ ಅಂಗಡಿಯಿಂದ ಸಿದ್ಧ ಮಾಡಿಸಿ ತರುವ ರೂಢಿ ಈಚೆಗೆ ಹೆಚ್ಚಾಗಿದೆ. ‘ಕಂಪ್ಯೂಟರಿನಲ್ಲಿ ಬಂದಿದೆ’ ಎಂದರೆ, ಹಿಂದೆ ‘ಪಂಚಾಂಗದಲ್ಲಿ ಬರೆದಿದೆ’ ಎಂದ ಹಾಗೆ ಎಲ್ಲರೂ ಕೈಮುಗಿಯುತ್ತಾರೆ. ಅಂಗಡಿಯ ಪ್ರಾಜೆಕ್ಟಿನಲ್ಲಿ ವಾಹನಗಳು ಬಲಗಡೆ ಓಡುವುದಿಲ್ಲ, ನಿಜ. ನಮ್ಮದರಲ್ಲಿ ಓಡಿದ್ದರಿಂದಲೇ ಎಂಟು ಹುಡುಗರು ಮೂರು ವಾರ ಸಂಜೆ ಮನೆಗೆ ಹೋಗಲು ಒಪ್ಪಲಿಲ್ಲ.

ಕಾಗದ ಬರೆದೆವು. 11 ಸೆಕೆಂಡು ತಡವಾಗುವುದನ್ನು ಮೊದಲೇ ಬರೆದೆವು. 28 ಮತ್ತು ಹತ್ತೂವರೆ ಮೀಟರನ್ನೂ, ಬಸ್ಸು ನಿಲ್ಲುವ ತಿರುವನ್ನೂ ಬರೆದೆವು. ಮುಖ್ಯೋಪಾಧ್ಯಾಯರು ಓದಿ, “ತಡವಾಗುತ್ತೆ ಅಂತ ನಾವೇ ಯಾಕ್ರೀ ಒಪ್ಕೋಬೇಕು?” ಎಂದರು. ಆದರೂ ಸಹಿ ಹಾಕಿದರು.

ಕಚೇರಿಯಲ್ಲಿ ನಮ್ಮನ್ನು ಕೂರಿಸಿದ್ದು ಒಬ್ಬ ಕಿರಿಯ ಮಹಿಳಾ ಎಂಜಿನಿಯರ್; ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸು. ಕಾಗದವನ್ನು ಪೂರ್ತಿ ಓದಿದರು. ಆಮೇಲೆ ತಲೆಯೆತ್ತಿ ಕೇಳಿದ ಮೊದಲ ಪ್ರಶ್ನೆ: “ಸಾರ್, ಟೆಲಿಪೋರ್ಟ್ ಆಫ್ ಮಾಡಿದ್ರಾ?”

ಮಗಳು ನನ್ನ ಕಡೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಹಿಂದಿನ ದಿನಗಳ ಆ ಮೊದಲ ಪ್ರಿಂಟನ್ನೇ ಹಿಡಿದುಕೊಂಡು ನಾನು ಅದೇ ಕುರ್ಚಿಯಲ್ಲಿ ಕೂತಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ ಕಿವಿ ಬಿಸಿಯಾಯಿತು. “ಮಾಡಿದೀವಿ ಮೇಡಂ. ಮಾಡದೇ ಇದ್ದಾಗ ಏನು ಬಂತು ಅನ್ನೋದನ್ನೂ ಕೊನೆಯ ಪುಟದಲ್ಲಿ ಕೊಟ್ಟಿದೀವಿ” ಎಂದೆ. ಅವರು ಕೊನೆಯ ಪುಟ ತಿರುವಿ, ಸ್ವಲ್ಪ ನಕ್ಕು, ಕಾಗದವನ್ನು ಫೈಲಿಗೆ ಸೇರಿಸಿದರು. “ಸೋಮವಾರ ನಾನೇ ಬಂದು ಎಣಿಸ್ತೀನಿ. ಸ್ಕೂಲ್ ಬಿಡೋದು ಎಷ್ಟು ಹೊತ್ತಿಗೆ?”

“ನಾಲ್ಕು ಇಪ್ಪತ್ತಕ್ಕೆ.”

ಸೋಮವಾರ ಬಂದರು. ತೀರ್ಮಾನ ಇನ್ನೂ ಆಗಿಲ್ಲ, ಹಂಪ್ ಇದೆ. ಅವರಿಗೆ ಕುರ್ಚಿ ಹಾಕಿಕೊಟ್ಟು, ಅಂಕಣ ಹಾಕಿದ ಹಾಳೆಯನ್ನು ಕೈಗೆ ಕೊಟ್ಟವನು ಆ ಹಸುವಿನ ಹುಡುಗ. ಹಾಳೆಯಲ್ಲಿ ಆರನೆಯ ಅಂಕಣ ಮತ್ತೆ ಇತ್ತು.